ಸೊಂಟ ಕೊಯ್ಯದ ಒಳಲಂಗ: ಎರಡೂವರೆ ಮೀಟರ್ ಪಾಪ್ಲಿನ್ನಿನಲ್ಲಿ ಹೊಲಿಯುವ ಬಗೆ

ಕಳೆದ ವರ್ಷ ಜೂನ್ ತಿಂಗಳಿನಲ್ಲಿ ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಆರು ವಾರ ಅವರಿಗೆ ಸ್ನಾನ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನವೇ ಕಣ್ಣಿಗೆ ಬಿದ್ದದ್ದು ಅವರ ಸೊಂಟದ ಗುರುತು. ಹೊಟ್ಟೆಯ ಮೇಲೆ ಹಾದು ಎರಡೂ ಪಕ್ಕಕ್ಕೆ ಇಳಿದ, ಕಿರುಬೆರಳಿಗಿಂತ ತೆಳುವಾದ ಒಂದು ಕಪ್ಪು ಗೆರೆ. ಅಲ್ಲಿ ಚರ್ಮ ದಪ್ಪಗಾಗಿ ಮಿನುಗುತ್ತಿತ್ತು. ನಮ್ಮ ಹಳೆಯ ಮನೆಯ ಹಟ್ಟಿಯಲ್ಲಿ ದನದ ಹಗ್ಗ ಉಜ್ಜಿ ಉಜ್ಜಿ ಕಂಬ ಸವೆದಿತ್ತಲ್ಲ, ಹಾಗೆ. "ಇದೇನಮ್ಮ?" ಎಂದು ಕೇಳಿದೆ. "ಲಂಗದ ಲಾಡಿ. ಐವತ್ತು ವರ್ಷದ್ದು. ಎಲ್ಲ ಹೆಂಗಸರಿಗೂ ಇರುತ್ತದೆ, ನೀರು ಹೊಯ್ಯಿ" ಎಂದರು.

ಉಡುಪಿಯ ಕಡಿಯಾಳಿಯಲ್ಲಿ ನಾನು ಹೊಲಿಗೆ ಶುರು ಮಾಡಿ 27 ವರ್ಷವಾಯಿತು. ರವಿಕೆಯ ಲೆಕ್ಕ ಇಟ್ಟಿಲ್ಲ. ಅಮ್ಮನಿಗೇ ನೂರು ಹೊಲಿದಿರಬಹುದು. ಲಂಗವನ್ನು ಮಾತ್ರ ಅವರು ಪೇಟೆಯಿಂದ ಸಿದ್ಧವಾದದ್ದನ್ನೇ ತರುತ್ತಿದ್ದರು. ನಾನೂ ಸುಮ್ಮನಿದ್ದೆ. ಒಳಗೆ ಇರುವ ಬಟ್ಟೆಗೆ ಯಾರು ಕೂಲಿ ಕೊಡುತ್ತಾರೆ? ಹತ್ತು ಸಾವಿರದ ಸೀರೆಗೆ ಅಗ್ಗದ ಲಂಗ ತೊಡುವುದು ನಮ್ಮ ಊರಿನ ಜಾಣತನ. ಆ ಲಂಗದಲ್ಲಿ ಮುಕ್ಕಾಲು ಇಂಚಿನ ಸೊಂಟಪಟ್ಟಿ, ಅದರೊಳಗೆ ಹುರಿಯಂತಹ ದುಂಡು ಲಾಡಿ. ಜರಿಯ ರೇಷ್ಮೆ ಸೀರೆಯ ಭಾರವನ್ನೆಲ್ಲ ಹೊರುವುದು ಆ ಹುರಿಯೇ.

ಆ ಜೂನ್‌ನಿಂದ ಈಚೆಗೆ ನಾನು ಹೊಲಿಯುತ್ತಿರುವ ಲಂಗದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನೇರ ಹೊಲಿಗೆ ಹಾಕಲು ಬಂದರೆ ಸಾಕು, ಒಂದು ಮಧ್ಯಾಹ್ನದ ಕೆಲಸ; ಬಟ್ಟೆ ನೆನೆಸಲು ಮತ್ತು ಲಂಗ ನೇತು ಹಾಕಲು ಒಂದೊಂದು ರಾತ್ರಿ ಬೇರೆ.

ಇದು ಬರೀ ನನ್ನ ಅಮ್ಮನ ಕಥೆಯಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಸೊಂಟಕ್ಕೆ ಬಿಗಿದ ಬಟ್ಟೆ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿದಾಗ ಚರ್ಮ ಕಪ್ಪಾಗುತ್ತದೆ, ಸಿಪ್ಪೆ ಏಳುತ್ತದೆ, ಹುಣ್ಣಾಗುತ್ತದೆ. ಅಪರೂಪಕ್ಕೆ ಆ ವಾಸಿಯಾಗದ ಹುಣ್ಣು ಚರ್ಮದ ಕ್ಯಾನ್ಸರಿಗೆ ತಿರುಗುತ್ತದೆ. ಮುಂಬಯಿಯ ವೈದ್ಯರು 1945ರಲ್ಲೇ ಧೋತಿ ಕಟ್ಟುವವರಲ್ಲಿ ಇದನ್ನು ಕಂಡು ಬರೆದಿದ್ದರು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಸೊಂಟದ ಬಳಿ ಇಂತಹ ಹುಣ್ಣಾಗಿದ್ದ ಇಬ್ಬರು ಹಿರಿಯ ಹೆಂಗಸರ ಬಗ್ಗೆ ಬರೆದರು. ಒಬ್ಬರು ಸೀರೆಯೊಳಗೆ ಲಂಗ ಕಟ್ಟುತ್ತಿದ್ದವರು; ಇನ್ನೊಬ್ಬರು ಲಂಗವಿಲ್ಲದೆ ಲುಗ್ಡಾ ಎಂಬ ಸೀರೆ ಉಡುತ್ತಿದ್ದವರು. ಎಂದರೆ ತಪ್ಪು ಲಂಗದ್ದೂ ಅಲ್ಲ, ಸೀರೆಯದ್ದೂ ಅಲ್ಲ. ಬಿಗಿತದ್ದು ಮತ್ತು ಅದು ದಿನವೂ ಅದೇ ಜಾಗದಲ್ಲಿ ಕೂರುವುದರದ್ದು. ಅಮ್ಮನನ್ನು ಚರ್ಮದ ವೈದ್ಯರಿಗೆ ತೋರಿಸಿದೆ. ಏನೂ ಇಲ್ಲ, ಅಗಲ ಪಟ್ಟಿಯದು ಹಾಕಿ, ಸಡಿಲ ಕಟ್ಟಿ ಎಂದರು. ನಿಮ್ಮಲ್ಲಿ ಯಾರಿಗಾದರೂ ಅಲ್ಲಿ ಗಾಯವಿದ್ದು ಒಣಗದಿದ್ದರೆ ಅರಶಿನ ಹಚ್ಚುತ್ತಾ ಕೂರಬೇಡಿ, ತೋರಿಸಿ.

ಬಟ್ಟೆ

36 ಇಂಚು ಪನ್ನದ, ಎಂದರೆ ಅಗಲದ, ಹತ್ತಿ ಪಾಪ್ಲಿನ್, ಎರಡೂವರೆ ಮೀಟರ್. ಕೇಂಬ್ರಿಕ್ ಕೂಡ ಆಗುತ್ತದೆ. ಸ್ಯಾಟಿನ್ ಬೇಡ, ನುಣುಪು ಸೀರೆಯ ಕೆಳಗೆ ನುಣುಪು ಲಂಗ ಹಾಕಿದರೆ ನೆರಿಗೆ ರಥಬೀದಿ ಮುಟ್ಟುವ ಮೊದಲೇ ಜಾರುತ್ತದೆ, ಆ ಹೆದರಿಕೆಗೆ ನೀವು ಲಾಡಿಯನ್ನು ಇನ್ನೂ ಬಿಗಿಯುತ್ತೀರಿ. ಹತ್ತಿ ಸೀರೆಯನ್ನು ಹಿಡಿದುಕೊಳ್ಳುತ್ತದೆ.

ಬಣ್ಣ ಹೊಂದಿಸಲು ಸೀರೆಯನ್ನೇ ಅಂಗಡಿಗೆ ಒಯ್ಯಿರಿ, ಎರಡನ್ನೂ ಬಾಗಿಲ ಬಳಿ ಹಗಲು ಬೆಳಕಿನಲ್ಲಿ ನೋಡಿ. ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಟ್ಯೂಬ್‌ಲೈಟಿನ ಕೆಳಗೆ ಗಿಳಿಹಸಿರಾಗಿ ಕಂಡ ಬಟ್ಟೆ, ಬಸ್ಸಿನಲ್ಲಿ ಮುಲ್ಕಿ ದಾಟುವಾಗ ನೋಡಿದರೆ ಪಾಚಿಯ ಬಣ್ಣವಾಗಿತ್ತು. ಕಿನ್ನಿಗೋಳಿಯ ತಾಳಿಪಾಡಿಯ ಕಡೆ ನೇಯುವ ಉಡುಪಿ ಸೀರೆಯಂತಹ ತೆಳು ಕೈಮಗ್ಗದ ಸೀರೆಗಾದರೆ ಮೈಬಣ್ಣಕ್ಕಿಂತ ಅರ್ಧ ಪಾಲು ಗಾಢವಾದ ಲಂಗ ಒಳ್ಳೆಯದು. ಬಿಳಿಯ ಲಂಗ ಅದರಡಿಯಲ್ಲಿ ಬಿಸಿಲಿಗೆ ಹೊಳೆದು, ಕಾಲಿನ ನೆರಳನ್ನು ಊರಿಗೆಲ್ಲ ತೋರಿಸುತ್ತದೆ.

ಬಟ್ಟೆಯನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಹಾಕಿ. ಹತ್ತಿ ಎಳೆದುಕೊಳ್ಳುತ್ತದೆ, ಎಳೆದುಕೊಳ್ಳುವುದಿದ್ದರೆ ಈಗಲೇ ಎಳೆದುಕೊಳ್ಳಲಿ. ಒದ್ದೆ ಇರುವಾಗಲೇ ಬಿಳಿ ಕರವಸ್ತ್ರದಿಂದ ಒಂದು ಮೂಲೆಯನ್ನು ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ಲಂಗ ಮಳೆಗಾಲದಲ್ಲಿ ನಿಮ್ಮ ಸೀರೆಯನ್ನು ತಿನ್ನುತ್ತದೆ.

ಲಾಡಿಗೆ ಒಂದು ಇಂಚು ಅಗಲದ ಚಪ್ಪಟೆ ಹತ್ತಿ ಪಟ್ಟಿ, ಎರಡು ಮೀಟರ್. ದುಂಡು ಹುರಿಯನ್ನು ಮನೆಯೊಳಗೆ ತರಬೇಡಿ.

ಅಳತೆ

ಎರಡೇ ಅಳತೆ: ಸೀರೆ ಕಟ್ಟುವ ಜಾಗದಲ್ಲಿ ಸೊಂಟ, ಅಲ್ಲಿಂದ ಕೆಳಕ್ಕೆ ಉದ್ದ. ಸೊಂಟವನ್ನು ಊಟವಾದ ಮೇಲೆ, ಕುಳಿತುಕೊಂಡು ಅಳೆಯಿರಿ. ನಗಬೇಡಿ. ನಿಂತು ಉಸಿರೆಳೆದು ಕೊಟ್ಟ ಅಳತೆಯ ಲಂಗ ಮದುವೆಮನೆಯ ಎರಡನೇ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ತನ್ನ ಬುದ್ಧಿ ತೋರಿಸುತ್ತದೆ. ಉದ್ದವನ್ನು ಸೀರೆಯ ಜೊತೆ ಹಾಕುವ ಚಪ್ಪಲಿ ಮೆಟ್ಟಿ ನೆಲದವರೆಗೆ ಅಳೆದು, ಒಂದೂವರೆ ಇಂಚು ಕಳೆಯಿರಿ.

ನಾನಿಲ್ಲಿ ಸೊಂಟ 34, ಉದ್ದ 38 ಎಂದು ಹಿಡಿಯುತ್ತೇನೆ. ನಾಲ್ಕು ಕಲಿಯ ಲಂಗ. ಕಲಿ ಎಂದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ತುಂಡು.

ಪ್ರತಿ ಕಲಿಯ ಮೇಲಗಲ: ಸೊಂಟಕ್ಕೆ 4 ಕೂಡಿಸಿ ನಾಲ್ಕರಿಂದ ಭಾಗಿಸಿ, ಹೊಲಿಗೆಗೆ 1 ಇಂಚು ಸೇರಿಸಿ. 38ರ ಕಾಲು ಭಾಗ ಒಂಬತ್ತೂವರೆ, ಹೊಲಿಗೆ ಸೇರಿ ಹತ್ತೂವರೆ. ಕಲಿಯ ಉದ್ದ: ಒಟ್ಟು 38ರಲ್ಲಿ ಸೊಂಟಪಟ್ಟಿಯ 2 ಕಳೆದು 36, ಮೇಲೆ ಅರ್ಧ ಇಂಚು, ಕೆಳಗೆ ಮಡಿಕೆಗೆ 1 ಇಂಚು, ಮೂವತ್ತೇಳೂವರೆ. ಕೆಳಗಲದ ಲೆಕ್ಕ ಬೇಡ, ಅದು ಬಟ್ಟೆಯಲ್ಲೇ ಬರುತ್ತದೆ. ಸೊಂಟ 46 ದಾಟಿದವರು 44 ಇಂಚು ಪನ್ನದ ಬಟ್ಟೆ ತೆಗೆದುಕೊಳ್ಳಿ.

ಕತ್ತರಿ

ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದು, ಏಕೆಂದರೆ ಒಂದು ಚಿಂದಿಯೂ ದಂಡವಾಗುವುದಿಲ್ಲ. ಬಟ್ಟೆಯಿಂದ ಮೂವತ್ತೇಳೂವರೆ ಇಂಚಿನ ಎರಡು ತುಂಡು ತೆಗೆಯಿರಿ. ಒಂದನ್ನು ಒಂಟಿ ಪದರವಾಗಿ ನೆಲದ ಮೇಲೆ ಹಾಸಿ. ಮೇಲಂಚಿನಲ್ಲಿ ಎಡಮೂಲೆಯಿಂದ ಹತ್ತೂವರೆ ಇಂಚಿಗೆ ಒಂದು ಚುಕ್ಕಿ. ಕೆಳಂಚಿನಲ್ಲಿ ಬಲಮೂಲೆಯಿಂದ ಹತ್ತೂವರೆಗೆ ಇನ್ನೊಂದು. ಎರಡನ್ನೂ ಸೇರಿಸಿ ಓರೆಯಾಗಿ ಸೀಮೆಸುಣ್ಣದ ಗೆರೆ ಎಳೆದು, ಅದರ ಮೇಲೆ ಕತ್ತರಿ ಓಡಿಸಿ. ಎರಡು ಕಲಿ ಬಂದವು: ಎರಡೂ ಮೇಲೆ ಹತ್ತೂವರೆ, ಕೆಳಗೆ ಇಪ್ಪತ್ತೈದೂವರೆ. ಬಲಗಡೆಯದು ತಲೆಕೆಳಗಾಗಿ ಮಲಗಿದೆ, ಅಷ್ಟೆ, ತಿರುಗಿಸಿ ಇಡಿ. ಎರಡನೆಯ ತುಂಡಿಗೂ ಹೀಗೆಯೇ. ನಾಲ್ಕೂ ಸೇರಿದಾಗ ಕೆಳಗಿನ ಸುತ್ತು 98 ಇಂಚಿನ ಆಸುಪಾಸು, ಎಂದರೆ ಹೆಚ್ಚುಕಡಿಮೆ ಎರಡೂವರೆ ಮೀಟರ್. ಬಸ್ಸಿನ ಮೆಟ್ಟಿಲು ಹತ್ತಲು ಧಾರಾಳವಾಯಿತು.

ಈಗ ಕಲಿಯೊಂದನ್ನು ಕೈಯಲ್ಲಿ ಹಿಡಿದು ನೋಡಿ. ಅದರ ಒಂದು ಪಕ್ಕ ಬಟ್ಟೆಯ ಗಟ್ಟಿ ಅಂಚು. ಹಾಸಿನ ಎಳೆ ಅಲ್ಲಿ ನೆಟ್ಟಗಿದೆ, ಜಗ್ಗಿದರೂ ಬಗ್ಗದು. ಇನ್ನೊಂದು ಪಕ್ಕ ಓರೆ. ಹಾಸು ಹೊಕ್ಕು ಎರಡನ್ನೂ ಅಡ್ಡ ಕತ್ತರಿಸಿದ್ದರಿಂದ ಎಳೆದಷ್ಟೂ ಹಿಗ್ಗುತ್ತದೆ. ನಾಲ್ಕು ಕಲಿಗಳನ್ನೂ ಒಂದೇ ಮುಖ ಮೇಲಾಗಿ ಸಾಲಾಗಿ ಇಟ್ಟರೆ ಒಂದರ ನೇರ ಅಂಚು ಇನ್ನೊಂದರ ಓರೆ ಅಂಚಿಗೆ ತಾನಾಗಿಯೇ ಬಂದು ಸೇರುತ್ತದೆ. ನೇರ ಅಂಚು ಓರೆಯನ್ನು ಹಿಗ್ಗದಂತೆ ಹಿಡಿದು ನಿಲ್ಲಿಸುತ್ತದೆ. ಒಂದು ಕಲಿ ಮಗುಚಿ ಬಿದ್ದರೂ ಓರೆಗೆ ಓರೆ ಸೇರಿ, ನಾಲ್ಕು ಸಲ ಒಗೆಯುವಷ್ಟರಲ್ಲಿ ಆ ಹೊಲಿಗೆ ಇಲಿಯ ಬಾಲದ ಹಾಗೆ ಕೆಳಗಿಳಿಯುತ್ತದೆ. ನನ್ನ ಮೊದಲ ಲಂಗದಲ್ಲಿ ಹೀಗಾಗಿತ್ತು. ಕಲಿಸಿದವರು ಬೈಯಲಿಲ್ಲ, ಅದನ್ನೇ ಉಟ್ಟು ಒಂದು ವಾರ ಕ್ಲಾಸಿಗೆ ಬರಲು ಹೇಳಿದರು.

ಉಳಿದ ಬಟ್ಟೆಯಲ್ಲಿ 5 ಇಂಚು ಅಗಲ, 20 ಇಂಚು ಉದ್ದದ ಎರಡು ಪಟ್ಟಿ ಸೊಂಟಕ್ಕೆ. ಪಕ್ಕದಲ್ಲಿ ಉಳಿಯುವ 16 ಇಂಚಿನ ತುಂಡುಗಳನ್ನು ಎಸೆಯಬೇಡಿ.

ಹೊಲಿಗೆ

ಅಂಚಿನ ನೂಲು ಬಿಚ್ಚದಂತೆ ಹೊಲಿಯುವ ಇಂಟರ್‌ಲಾಕ್ ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಫ್ರೆಂಚ್ ಸೀಮ್ ಹಾಕಿ: ಮೊದಲು ಬಟ್ಟೆಯ ಒಳಮುಖಗಳನ್ನು ಸೇರಿಸಿ ಹೊರಗಿನಿಂದ ಕಾಲು ಇಂಚಿನಲ್ಲಿ ಒಂದು ಹೊಲಿಗೆ, ನೂಲುಗಳನ್ನು ಸವರಿ, ಮಗುಚಿ, ಒಳಗಿನಿಂದ ಇನ್ನೊಂದು. ಗಟ್ಟಿ ಅಂಚಿಗೆ ಎರಡೆರಡು ಇಂಚಿಗೊಂದು ಸಣ್ಣ ಕತ್ತರಿ ಗುರುತು ಕೊಡಿ, ಇಲ್ಲವಾದರೆ ಅದು ಹೊಲಿಗೆಯನ್ನು ಸುಕ್ಕುಗಟ್ಟಿಸುತ್ತದೆ. ಮೂರು ಹೊಲಿಗೆ ಪೂರ್ತಿ ಹಾಕಿ. ನಾಲ್ಕನೆಯದನ್ನು ಮೇಲಿನಿಂದ 7 ಇಂಚು ಬಿಟ್ಟು ಕೆಳಗೆ ಹಾಕಿ. ಆ ಬಿಟ್ಟ ಜಾಗವೇ ಸೀಳು. ಅದು ಎಡ ಪಕ್ಕಕ್ಕೆ ಬರಲಿ. ಮುಂದೆ ಬಂದರೆ ಲಾಡಿಯ ಗಂಟು ನೆರಿಗೆಯ ಕೆಳಗೆ ಗಡ್ಡೆಯಂತೆ ಕಾಣುತ್ತದೆ.

ಸೀಳಿನ ಎರಡೂ ಅಂಚಿಗೆ ಉಳಿದ ತುಂಡಿನಿಂದ ತೆಳುವಾದ ಪಟ್ಟಿ ಕೊಟ್ಟು, ಸೀಳು ಮುಗಿಯುವ ಬುಡದಲ್ಲಿ ಒಂದು ಇಂಚಿನ ಚೌಕದ ತೇಪೆ ಇಟ್ಟು ನಾಲ್ಕೂ ಸುತ್ತ ಹೊಲಿಯಿರಿ. ರಿಪೇರಿಗೆ ಬರುವ ಲಂಗಗಳಲ್ಲಿ ಹೆಚ್ಚಿನವು ಹರಿದಿರುವುದು ಇಲ್ಲಿಯೇ.

ಸೊಂಟಪಟ್ಟಿಯ ಎರಡು ತುಂಡುಗಳನ್ನು ಜೋಡಿಸಿದರೆ 39 ಇಂಚು ಬರುತ್ತದೆ. ಎರಡು ತುದಿಗಳನ್ನು ಅರ್ಧರ್ಧ ಇಂಚು ಒಳಗೆ ಮಡಚಿ ಹೊಲಿದರೆ ಲಂಗದ ಮೇಲಿನ 38ಕ್ಕೆ ಸರಿಯಾಗಿ ಕೂರುತ್ತದೆ. ಒಂದು ಉದ್ದಂಚನ್ನು ಲಂಗದ ಮೇಲಂಚಿಗೆ ಅರ್ಧ ಇಂಚಿನಲ್ಲಿ ಹೊಲಿದು, ಇನ್ನೊಂದನ್ನು ಅರ್ಧ ಇಂಚು ಮಡಚಿ ಹೊರಮುಖಕ್ಕೆ ತಂದು ಹೊಲಿಯಿರಿ. ಹೊರಮುಖಕ್ಕೇ ತರಬೇಕು. ಸಿದ್ಧ ಲಂಗಗಳಲ್ಲಿ ಈ ಮಡಿಕೆಯ ದಪ್ಪ ಒಳಗೆ, ಚರ್ಮದ ಕಡೆಗೆ ಇರುತ್ತದೆ. ಹೊರಗೆ ಚೆಂದ ಕಾಣಲಿ ಎಂದು. ಯಾರು ನೋಡುತ್ತಾರೆ? ನುಣುಪು ಮೈಗೆ ತಾಗಲಿ, ದಪ್ಪ ಸೀರೆಯ ಕಡೆಗಿರಲಿ. ಈಗ ನಿಮ್ಮ ಕೈಯಲ್ಲಿ ಎರಡು ಇಂಚಿನ ಪಟ್ಟಿ ಇದೆ. ಅದೇ ಭಾರ, ಅದೇ ಸೀರೆ. ಒತ್ತುವ ಜಾಗ ಮಾತ್ರ ಮೂರುಪಟ್ಟು ಹತ್ತಿರ ಅಗಲವಾಯಿತು.

ಲಾಡಿಯನ್ನು ದೊಡ್ಡ ಪಿನ್ನಿಗೆ ಸಿಕ್ಕಿಸಿ ಪಟ್ಟಿಯೊಳಗೆ ದಾಟಿಸಿ. ಎರಡೂ ತುದಿ ಸಮ ಮಾಡಿ, ಬೆನ್ನಿನ ನಡುವೆ ಪಟ್ಟಿಯನ್ನೂ ಲಾಡಿಯನ್ನೂ ಸೇರಿಸಿ ಅಡ್ಡಲಾಗಿ ಒಂದು ಹೊಲಿಗೆ ಹಾಕಿಬಿಡಿ. ಇನ್ನು ಅದು ಒಂದು ಕಡೆಯಿಂದ ಜಾರಿ ಮಾಯವಾಗುವುದಿಲ್ಲ.

ಕೆಳಂಚನ್ನು ಈಗಲೇ ಮಡಚಬೇಡಿ. ಓರೆ ಅಂಚು ನೇರ ಅಂಚಿಗಿಂತ ಸುಮಾರು ಮೂರು ಇಂಚು ಉದ್ದವಿರುವುದರಿಂದ ಪ್ರತಿ ಜೋಡಣೆಯಲ್ಲಿ ಒಂದು ಮೂಲೆ ಜೋತು ಬಿದ್ದಿರುತ್ತದೆ. ಲಂಗವನ್ನು ಒಂದು ರಾತ್ರಿ ಹ್ಯಾಂಗರಿಗೆ ನೇತು ಹಾಕಿ. ಓರೆಯ ಎಳೆ ಇಳಿಯುವಷ್ಟು ಇಳಿಯಲಿ. ಬೆಳಿಗ್ಗೆ ಆ ಮೂಲೆಗಳನ್ನು ದುಂಡಗೆ ಸವರಿ, ಆಮೇಲೆ ಮಡಚಿ ಹೊಲಿಯಿರಿ.

ಸೊಂಟದ ಭಾರದ ಕಥೆ

ರಾತ್ರಿಯಿಡೀ ಅದು ನೇತಾಡುತ್ತಿರುವಾಗ ಹೇಳಬಹುದಾದ ಕಥೆ ಇದು. ಪೆಟಿಕೋಟ್ ಎಂಬ ಹೆಸರು ಮೂಲದಲ್ಲಿ ಗಂಡಸರದ್ದು. ಪೆಟಿ ಎಂದರೆ ಚಿಕ್ಕದು. 15ನೇ ಶತಮಾನದ ಇಂಗ್ಲೆಂಡಿನಲ್ಲಿ ಗಂಡಸರು ಮೇಲಂಗಿಯ ಕೆಳಗೆ ತೊಡುತ್ತಿದ್ದ ಗಿಡ್ಡ ಅಂಗಿಗೆ ಆ ಹೆಸರಿತ್ತು. ಆಮೇಲೆ ಅದು ಹೆಂಗಸರ ಲಂಗಕ್ಕೆ ಇಳಿಯಿತು. 18ನೇ ಶತಮಾನದಲ್ಲಿ ಅದು ಒಳಗೆ ಅಡಗಿಕೊಂಡೂ ಇರಲಿಲ್ಲ: ಗೌನಿನ ಮುಂಭಾಗವನ್ನು ತೆರೆದೇ ಬಿಟ್ಟು, ಉಣ್ಣೆ ತುಂಬಿ ಕೌದಿಯಂತೆ ಹೊಲಿದ ಪೆಟಿಕೋಟನ್ನು ಮೆರೆಸುತ್ತಿದ್ದರು. ಅದರ ಎರಡೂ ಪಕ್ಕದಲ್ಲಿ ಸೀಳು. ಸೀಳಿನೊಳಗೆ ಕೈ ಹಾಕಿದರೆ ಸೊಂಟಕ್ಕೆ ಬೇರೆಯಾಗಿ ಕಟ್ಟಿಕೊಂಡ ಜೇಬು.

1850ರ ಹೊತ್ತಿಗೆ ಲಂಗ ಬುಟ್ಟಿಯಂತೆ ಉಬ್ಬಿರಬೇಕೆಂಬ ಹುಚ್ಚು. ಅದಕ್ಕಾಗಿ ಗಂಜಿ ಹಾಕಿದ ಪೆಟಿಕೋಟುಗಳನ್ನು ಒಂದರ ಮೇಲೊಂದು ಐದಾರು ಕಟ್ಟುತ್ತಿದ್ದರು, ಜೊತೆಗೆ ಕುದುರೆಕೂದಲು ಸೇರಿಸಿ ನೇಯ್ದ ಬಿರುಸು ಬಟ್ಟೆಯದೂ ಒಂದು. ಅದಕ್ಕೇ ಕ್ರಿನೊಲಿನ್ ಎಂದು ಹೆಸರು. ಫ್ರೆಂಚಿನಲ್ಲಿ ಕ್ರಿನ್ ಎಂದರೆ ಕುದುರೆಕೂದಲು. ಅಷ್ಟೂ ಲಾಡಿಗಳು ಒಂದೇ ಸೊಂಟದಲ್ಲಿ! 1856ರಲ್ಲಿ ಪ್ಯಾರಿಸಿನಲ್ಲಿ ಉಕ್ಕಿನ ಬಳೆಗಳ ಪಂಜರಕ್ಕೆ ಪೇಟೆಂಟ್ ಸಿಕ್ಕಿದಾಗ ಹೆಂಗಸರು ಅದನ್ನು ಬಿಡುಗಡೆಯೆಂದೇ ತಿಳಿದರು. ನಾವು ನಗುತ್ತೇವೆ, ಆದರೆ ಪಂಜರ ಆ ಪದರಗಳಿಗಿಂತ ಹಗುರವಾಗಿತ್ತು. 1881ರಲ್ಲಿ ಲಂಡನ್ನಿನಲ್ಲಿ ಹೆಂಗಸರ ಉಡುಪಿನ ಸುಧಾರಣೆಗೆಂದು ಹುಟ್ಟಿದ ರ್‍ಯಾಷನಲ್ ಡ್ರೆಸ್ ಸೊಸೈಟಿ ಒಳ ಉಡುಪುಗಳ ತೂಕ ಒಟ್ಟು 7 ಪೌಂಡ್ ಮೀರಬಾರದೆಂದು ಹೇಳಿತು. ಮೂರು ಕಿಲೋಗಿಂತ ಹೆಚ್ಚಾಯಿತು, ಅದೂ ಸುಧಾರಕರ ಲೆಕ್ಕದಲ್ಲಿ. ಸುಧಾರಣೆಯಾಗದವರು ಎಷ್ಟು ಹೊತ್ತಿರಬೇಡ.

ನಮ್ಮ ಸೀರೆಯೊಳಗೆ ಪೆಟಿಕೋಟು ಸೇರಿಕೊಂಡ ದಾರಿಯಲ್ಲಿ ಒಂದು ಹೆಸರು ಸ್ಪಷ್ಟವಾಗಿದೆ: ರವೀಂದ್ರನಾಥ ಟಾಗೋರರ ಅತ್ತಿಗೆ ಜ್ಞಾನದಾನಂದಿನಿ ದೇವಿ. ಗಂಡ ಸತ್ಯೇಂದ್ರನಾಥರು ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯಾದ ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು. 1864ರಲ್ಲಿ ಅವರೊಂದಿಗೆ ಮುಂಬಯಿಗೆ ಹೋದ ಆಕೆ ಪಾರ್ಸಿ ಹೆಂಗಸರ ಉಡುಗೆ ನೋಡಿ, ರವಿಕೆ ಮತ್ತು ಪೆಟಿಕೋಟಿನೊಂದಿಗೆ ಉಡುವ ಸೀರೆಯ ಕ್ರಮವೊಂದನ್ನು ಬಂಗಾಳದಲ್ಲಿ ರೂಢಿಗೆ ತಂದರು. ಬಂಗಾಳಿಯಲ್ಲಿ ಲಂಗಕ್ಕೆ ಸಾಯಾ ಎನ್ನುತ್ತಾರೆ. ಅದು ಪೋರ್ಚುಗೀಸರ ಮಾತು. ನನ್ನ ಅಜ್ಜಿಗೆ ಇದಾವುದೂ ಬೇಕಿರಲಿಲ್ಲ. ಒಳಗೊಂದು ತುಂಡು ಬಟ್ಟೆ, ಮೇಲೆ ದಪ್ಪ ನೂಲಿನ ಸೀರೆ, ಗದ್ದೆಗಿಳಿಯುವಾಗ ಮೊಣಕಾಲಿಗೆ ಎತ್ತಿ ಸಿಕ್ಕಿಸಿದರೆ ಮುಗಿಯಿತು. ಲಂಗ ತೊಟ್ಟ ಸೊಸೆಯನ್ನು "ಎರಡು ಸೀರೆಯವಳು" ಎಂದು ಕರೆಯುತ್ತಿದ್ದರಂತೆ. ಆ ಸೊಸೆಯೇ ನನ್ನ ಅಮ್ಮ.

ಈಗಿನ ಮದುಮಗಳಂದಿರು ಲೆಹೆಂಗಾದೊಳಗೆ ಕ್ಯಾನ್‌ಕ್ಯಾನ್ ಬೇಕು ಎಂದು ಬರುತ್ತಾರೆ. ಬಿರುಸು ನೆಟ್ಟಿನ ಪದರ ಪದರದ ಲಂಗ. 1947ರಲ್ಲಿ ಪ್ಯಾರಿಸಿನ ವಸ್ತ್ರವಿನ್ಯಾಸಕ ಡಿಯೋರ್ ಅಗಲ ಲಂಗಗಳನ್ನು ಮರಳಿ ತಂದ ಮೇಲೆ 1950ರ ದಶಕದಲ್ಲಿ ಪಶ್ಚಿಮದ ಹುಡುಗಿಯರು ತೊಟ್ಟ ನೈಲಾನ್ ನೆಟ್ಟಿನ ಪೆಟಿಕೋಟಿನ ತಂಗಿ. ಹೊಲಿದುಕೊಡುತ್ತೇನೆ. ಅದಕ್ಕೂ ಎರಡಿಂಚಿನ ಹತ್ತಿ ಪಟ್ಟಿಯನ್ನೇ ಇಡುತ್ತೇನೆ, ನೆಟ್ಟನ್ನು ಮೈಗೆ ತಾಗಲು ಬಿಡುವುದಿಲ್ಲ.

ಇನ್ನೆರಡು ಕಿವಿಮಾತು

ಉಳಿದ 5 ಇಂಚು ಅಗಲ, 16 ಇಂಚು ಉದ್ದದ ತುಂಡನ್ನು ಎರಡಾಗಿ ಮಡಚಿ ಪಕ್ಕ ಹೊಲಿದರೆ ಒಂದು ಪುಟ್ಟ ಜೇಬು. ಅದರ ಬಾಯಿ ಸೊಂಟಪಟ್ಟಿಯ ಮೇಲಂಚಿಗೆ ಸಮ ಬರುವಂತೆ ಬಲಗಡೆ ಒಳಗೆ ಹೊಲಿಯಿರಿ. ಮಲ್ಪೆಯಲ್ಲಿ ಮೀನು ಮಾರುವ ಹೆಂಗಸರು ದುಡ್ಡಿನ ಚೀಲವನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವುದನ್ನು ನೋಡಿಯೇ ನನಗೆ ಇದು ಹೊಳೆದದ್ದು. ಮಡಚಿದ ನೋಟು, ಬೀಗದಕೈ ಎರಡೂ ಹಿಡಿಯುತ್ತವೆ.

ಅರುವತ್ತು ದಾಟಿದವರಿಗೆ ಲಾಡಿಯನ್ನೇ ಬಿಟ್ಟುಬಿಡಿ: ಬೆನ್ನಿನ ಅರ್ಧಕ್ಕೆ ಒಂದೂವರೆ ಇಂಚಿನ ಮೆದು ಇಲಾಸ್ಟಿಕ್, ಎಡ ಸೀಳಿನಲ್ಲಿ ಒಂದಿಂಚು ಅಂತರದಲ್ಲಿ ಎರಡು ಸಾಲು ಹುಕ್ಕು. ಬೆಳಿಗ್ಗೆ ಬಿಗಿ ಸಾಲು, ಊಟದ ನಂತರ ಸಡಿಲ ಸಾಲು. ಲಾಡಿಯೇ ಬೇಕೆನ್ನುವವರು ಗಂಟಿನ ಜಾಗವನ್ನು ಆಗಾಗ ಬದಲಿಸಿ. ಒಂದು ದಿನ ಹೊಕ್ಕುಳ ಮೇಲೆ ಕಟ್ಟಿದರೆ ಮರುದಿನ ಕೆಳಗೆ. ಮನೆಗೆ ಬಂದ ಕೂಡಲೇ ಕಾಲು ತೊಳೆಯುವ ಮೊದಲು ಸಡಿಲಿಸಿ.

ಮಳೆಗಾಲದಲ್ಲಿ ಈ ದಪ್ಪ ಪಟ್ಟಿ ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ. ಲಂಗವನ್ನು ಹಗ್ಗದ ಮೇಲೆ ಮಡಚಿ ಹಾಕದೆ, ಪಟ್ಟಿ ಮೇಲಾಗಿ ಬಾಯಿ ಬಿಡಿಸಿ ಕ್ಲಿಪ್ ಹಾಕಿ, ಫ್ಯಾನಿನ ಕೆಳಗೆ ಇಡಿ. ಅರೆಒದ್ದೆ ಪಟ್ಟಿಯನ್ನು ಹಾಗೆಯೇ ಕಟ್ಟಿಕೊಂಡರೆ ಜುಲೈ ಮುಗಿಯುವುದರೊಳಗೆ ತುರಿಕೆ ಖಂಡಿತ. ಜಂಬಿಟ್ಟಿಗೆಯ ಕೆಂಪು ಕೆಸರು ಕೆಳಂಚಿಗೆ ಹತ್ತಿದರೆ ಬಿಡುವುದಿಲ್ಲ. ಮಳೆಗಾಲಕ್ಕೆಂದೇ ಇಟ್ಟ ಲಂಗಕ್ಕೆ ಕೆಳಗೆ ಮೂರಿಂಚು ಕಂದು ಬಣ್ಣದ ಪಟ್ಟಿ ಕೊಟ್ಟುಬಿಡಿ.

ಅಮ್ಮನಿಗೆ ಹುಕ್ಕಿನದೇ ಆರು ಹೊಲಿದುಕೊಟ್ಟೆ. ನಾಲ್ಕನ್ನು ಉಡುತ್ತಾರೆ. ಎರಡನ್ನು ಬಿಚ್ಚಿ, ಹುಕ್ಕು ಕಿತ್ತು, ಒಳಗೆ ಲಾಡಿ ತೂರಿಸಿಕೊಂಡಿದ್ದಾರೆ. ಹುಕ್ಕು ಹಾಕಿದರೆ ಏನೂ ಉಟ್ಟ ಹಾಗೆಯೇ ಆಗುವುದಿಲ್ಲವಂತೆ. ಚಪ್ಪಟೆ ಲಾಡಿಯನ್ನೇ ಹಾಕಿದ್ದಾರೆ, ನೋಡಿದೆ.